ಹೊರಡುವ ಮುಂಚೆ ಕಾರಿನ ಅಡಿ ನೋಡಿ

ಕಳೆದ ಮಳೆಗಾಲದಲ್ಲಿ ಸುಂಟಿಕೊಪ್ಪದ ಹತ್ತಿರ ಒಂದು ಕಾರು ಮುಂದಿದ್ದ ಪಿಕಪ್‌ಗೆ ಗುದ್ದಿತು. ಬಂಪರ್ ಬಿರುಕು ಬಿಟ್ಟಿತ್ತು, ನಂಬರ್ ಪ್ಲೇಟ್ ಸೊಟ್ಟಗಾಗಿತ್ತು, ಅಷ್ಟೇ. ‘ಹೋಗ್ಲಿ ಬಿಡಿ’ ಅಂತ ಇಬ್ಬರೂ ಹೊರಟರು. ಕಾರಿನವರು ಮಡಿಕೇರಿ ಕಡೆ ಏರು ಹತ್ತಿದರು. ಅರ್ಧ ದಾರಿಯಲ್ಲಿ ಬಾನೆಟ್‌ನಿಂದ ಹಬೆ. ಗುದ್ದಿದ ಏಟಿಗೆ ರೇಡಿಯೇಟರ್ ಸೀಳಿ, ಎಂಜಿನ್ ತಂಪಾಗಿಡುವ ಕೂಲೆಂಟ್ ಎಲ್ಲ ಸೋರಿ ಹೋಗಿತ್ತು. ಎಂಜಿನ್ ಬಿಸಿಗೆ ಹಿಡಿದುಕೊಂಡು ಸೀಜ್ ಆಯಿತು.

ನಾನು ವಿಮೆ ಸರ್ವೇಯರ್, ಕ್ಲೇಮ್ ಬಂದಾಗ ಹಾನಿ ನೋಡಿ ಲೆಕ್ಕ ಹಾಕುವುದು ನನ್ನ ಕೆಲಸ. ಬಂಪರ್, ರೇಡಿಯೇಟರ್ ಬರೆದುಕೊಂಡೆ. ಎಂಜಿನ್ ಬರೆಯಲು ಆಗಲಿಲ್ಲ. ‘ಒಂದೇ ಆಕ್ಸಿಡೆಂಟ್ ಅಲ್ವಾ ಸಾರ್?’ ಅಂದರು ಮಾಲೀಕರು. ಅವರ ಮುಖ ನೋಡಿ ನನಗೂ ಸಂಕಟವಾಯಿತು. ಆದರೆ ಪಾಲಿಸಿಯ ಷರತ್ತು ಸ್ಪಷ್ಟ: ಏಟು ಬಿದ್ದ ಗಾಡಿಯನ್ನು ರಿಪೇರಿ ಮಾಡಿಸದೆ ಓಡಿಸಿ ಹಾನಿ ಹೆಚ್ಚಾದರೆ, ಆ ಹೆಚ್ಚಿನ ಹಾನಿ ಮಾಲೀಕರದ್ದೇ.

ಅದಕ್ಕೇ ಹೇಳುವುದು, ಐದು ನಿಮಿಷ ನಿಲ್ಲಿ. ಎಂಜಿನ್ ಆಫ್ ಮಾಡಿ ಬಗ್ಗಿ ನೋಡಿ. ಮಳೆಯಲ್ಲಿ ರಸ್ತೆಯೇ ಒದ್ದೆ, ಸೋರುವುದು ಕಾಣುವುದಿಲ್ಲ. ಒಂದು ರಟ್ಟಿನ ತುಂಡು ಅಡಿಗೆ ತಳ್ಳಿ. ತಿಳಿ ನೀರು ಬಿದ್ದರೆ ಅದು ಎಸಿಯದ್ದು, ಹೆದರಬೇಡಿ. ಹಸಿರು, ಗುಲಾಬಿ ಬಣ್ಣದ ಕೂಲೆಂಟೋ ಕಪ್ಪು ಎಣ್ಣೆಯೋ ಬಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಟೋಯಿಂಗ್ ಗಾಡಿ ಕರೆಸಿ.

ಅದಕ್ಕೂ ಮೊದಲು ಜನ. ಸಂಪಾಜೆ ಘಾಟಿಯಂಥ ಕಡೆ ಮಂಜು ಕವಿದರೆ ಹಿಂದಿನಿಂದ ಬರುವವನಿಗೆ ನೀವು ಕಾಣುವುದೇ ಇಲ್ಲ. ಹಜಾರ್ಡ್ ಲೈಟ್ ಹಾಕಿ, ಎಲ್ಲರನ್ನೂ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ಎಚ್ಚರಿಕೆಯ ಕೆಂಪು ತ್ರಿಕೋನವನ್ನು ಗಾಡಿಯ ಪಕ್ಕದಲ್ಲೇ ಇಟ್ಟರೆ ಸುಮ್ನೆ ಇಟ್ಟಂತೆ. ಹಿಂದಿನ ತಿರುವಿನ ಆಚೆಗೆ ಇಡಿ. ಗಾಯವಾಗಿದ್ದರೆ 108, ಪೊಲೀಸರಿಗೆ 112. ಯಾರಿಗಾದರೂ ಪೆಟ್ಟಾದರೆ, ಬೇರೆಯವರ ಸ್ವತ್ತು ಹಾಳಾದರೆ 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕು, ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಇದನ್ನೇ ಹೇಳುತ್ತದೆ. ಎಸ್ಟೇಟ್ ಗೇಟಿನ ಕಂಬ ಮುರಿದರೂ ಅದು ಬೇರೆಯವರ ಸ್ವತ್ತೇ.

ಗಾಡಿ ಪಕ್ಕಕ್ಕೆ ಸರಿಸುವ ಮುಂಚೆ ಫೋಟೋ ತೆಗೆಯಿರಿ. ಎರಡೂ ನಂಬರ್ ಪ್ಲೇಟ್, ರಸ್ತೆಯ ತಿರುವು, ಟೈರಿನ ಗುರುತು, ಎಲ್ಲ ಬರಲಿ. ಇನ್ನೊಬ್ಬರ ಲೈಸೆನ್ಸ್, ವಿಮೆ ಪತ್ರ, ಫೋನ್ ನಂಬರ್ ಕೂಡ. ‘ತಪ್ಪು ನಂದೇ, ಇಷ್ಟು ಕೊಡ್ತೀನಿ’ ಅಂತ ಅಲ್ಲೇ ಒಪ್ಪಿಕೊಳ್ಳಬೇಡಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಹಾಗೆ ಮಾತು ಕೊಡುವಂತಿಲ್ಲ ಅನ್ನುವುದೂ ಪಾಲಿಸಿಯಲ್ಲೇ ಇದೆ.

ಕ್ಲೇಮ್ ಮಾಡುವುದೋ ಬೇಡವೋ? ಲೆಕ್ಕ ಹಾಕಿ ನೋಡಿ. ಬಂಪರ್ 5,000 ರೂಪಾಯಿ ಅಂದುಕೊಳ್ಳಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಕ್ಕೆ ಸವಕಳಿ ಅಂತ ಅರ್ಧ ಹೋಗುತ್ತದೆ. 1500 ಸಿಸಿವರೆಗಿನ ಕಾರಾದರೆ ಕಡ್ಡಾಯವಾಗಿ ನೀವು ಕೊಡಬೇಕಾದ 1,000 ಕಳೆಯಿರಿ. ಕೈಗೆ ಸಿಗುವುದು 1,500. ಐದು ವರ್ಷ ಕ್ಲೇಮ್ ಇಲ್ಲದೆ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ರಿಯಾಯಿತಿ, ಗಳಿಸಿದ್ದರೆ, ಅದು ಮುಂದಿನ ವರ್ಷ ಸೊನ್ನೆಯಾಗುತ್ತದೆ. ನಿಮ್ಮ ಗಾಡಿಯ ಹಾನಿಗೆ ಕಟ್ಟುವ ಪ್ರೀಮಿಯಂ ಬೋನಸ್ ಕಳೆಯುವ ಮುಂಚೆ 8,000 ಇದ್ದರೆ 4,000 ರೂಪಾಯಿ ರಿಯಾಯಿತಿ ಹೋಯಿತು. ಬರೀ ಬಂಪರ್ ಆದರೆ ಕೈಯಿಂದ ಹಾಕುವುದೇ ಲಾಭ.

ಏಟು ಒಳಗಡೆವರೆಗೂ ಹೋಗಿದ್ದರೆ ಮಾತ್ರ ತಡಮಾಡದೆ ಕಂಪನಿಗೆ ತಿಳಿಸಿ. ಗ್ಯಾರೇಜಿನವರು ಒಂದು ಬೋಲ್ಟ್ ಬಿಚ್ಚುವುದಕ್ಕೂ ಮುಂಚೆ ತಿಳಿಸಿ. ಬಿಚ್ಚಿ, ಹಳೇ ರೇಡಿಯೇಟರ್ ಗುಜರಿಗೆ ಹೋದ ಮೇಲೆ ಕರೆದರೆ ನಾನು ಬಂದು ನೋಡುವುದಾದರೂ ಏನನ್ನು?