ಜಾರುತಡೆ ಎಂದರೆ ಒರಟುತನವಲ್ಲ

‘ಸರಂಧ್ರ ಡಾಂಬರಿಗೆ ನಾರು, ಪಾಲಿಮರ್ ಬೆರೆಸಿ ರಸ್ತೆಯ ಒರಟುತನವನ್ನು ಹೆಚ್ಚಿಸುತ್ತಾರೆ’ ಎಂಬ ಧಾಟಿಯ ವಾಕ್ಯವನ್ನು ಮತ್ತೊಮ್ಮೆ ಓದಬೇಕಾಯಿತು. ಸರಂಧ್ರ ಡಾಂಬರೆಂದರೆ ನೀರು ಒಳಗಿಳಿಯುವಂತೆ ಕಲ್ಲುಗಳ ನಡುವೆ ಸಂದು ಉಳಿಸಿದ ರಸ್ತೆಹಾಸು. ಒಂದೇ ವಾಕ್ಯದಲ್ಲಿ ಎರಡು ತಪ್ಪುಗಳು: ಒಂದು ಪದದ್ದು, ಇನ್ನೊಂದು ಬೆರಕೆಗಳ ಕೆಲಸದ್ದು.

ರಸ್ತೆ ಎಂಜಿನಿಯರುಗಳ ಮಾತಿನಲ್ಲಿ ಒರಟುತನವೆಂದರೆ ವಾಹನವನ್ನು ಕುಲುಕಿಸುವ ಏರುತಗ್ಗು. ಅದು ಕಡಿಮೆಯಾದಷ್ಟೂ ಒಳ್ಳೆಯದು. ಟೈರನ್ನು ಜಾರಗೊಡದ ಗುಣ ಬೇರೆಯೇ. ಅದಕ್ಕೆ ‘ಜಾರುನಿರೋಧ’ ಎಂದು ಬರೆಯುವವರಿದ್ದಾರೆ. ಕನ್ನಡದ ‘ಜಾರು’ವಿಗೆ ಸಂಸ್ಕೃತದ ‘ನಿರೋಧ’ವನ್ನು ಅಂಟಿಸಿದ ಅರಿಸಮಾಸವಿದು ಎಂಬ ವ್ಯಾಕರಣದ ಆಕ್ಷೇಪವನ್ನು ಬದಿಗಿಟ್ಟರೂ, ‘ಜಲನಿರೋಧಕ’ವನ್ನು ಕೇಳಿ ಪಳಗಿದ ಕಿವಿಗೆ ‘ನಿರೋಧ’ ಎಂದೊಡನೆ ಪೂರ್ಣ ತಡೆ ಎಂದೇ ಅನಿಸುತ್ತದೆ. ಜಾರುವುದೇ ಇಲ್ಲವೆಂಬ ಭರವಸೆಯನ್ನು ಯಾವ ರಸ್ತೆಯೂ ಕೊಡದು. ‘ಜಾರುತಡೆ’ ಎಂದರೆ ಹೆಚ್ಚು, ಕಡಿಮೆ ಎನ್ನಲು ಅವಕಾಶವಿರುತ್ತದೆ.

ಈ ತಡೆಗೆ ಮೂಲ ಎರಡು. ಕಲ್ಲುಗಳ ನಡುವಿನ ಸಂದು ನೀರನ್ನು ಹೊರಹಾಕುತ್ತದೆ. ಕಲ್ಲಿನ ಮೈಮೇಲಿನ, ಅರ್ಧ ಮಿಲಿಮೀಟರಿಗಿಂತ ಸಣ್ಣ ತರಿ ರಬ್ಬರನ್ನು ಹಿಡಿಯುತ್ತದೆ. ರುಬ್ಬಿ ರುಬ್ಬಿ ನುಣುಪಾದ ಒರಳಿಗೆ ಉಳಿಯಿಂದ ಮತ್ತೆ ಕಚ್ಚು ಹಾಕಿಸಿದವರಿಗೆ ಈ ಎರಡನೆಯದನ್ನು ವಿವರಿಸಬೇಕಿಲ್ಲ: ಒರಳಿನ ಆಕಾರ ಹಾಗೆಯೇ ಉಳಿದಿದ್ದರೂ ಹಿಡಿತ ಹೋಗಿರುತ್ತದೆ.

ನೆದರ್ಲೆಂಡ್ಸ್‌ನ ಹೆದ್ದಾರಿಗಳಲ್ಲಿ ಬಹುಪಾಲು ಸರಂಧ್ರ ಡಾಂಬರಿನವು. ಪದರದ ಗಾತ್ರದಲ್ಲಿ ಸುಮಾರು ಶೇ. 20ರಷ್ಟು ಖಾಲಿ ಜಾಗವಿರುವುದರಿಂದ ಮಳೆನೀರು ಮೇಲೆ ನಿಲ್ಲದೆ ಒಳಗಿಳಿದು ಬದಿಗೆ ಹರಿಯುತ್ತದೆ. ಆದರೆ ಹೊಸದಾಗಿ ಹಾಸಿದ ರಸ್ತೆಯ ಒಂದು ಕಲ್ಲನ್ನು ಹತ್ತಿರದಿಂದ ನೋಡಿದರೆ, ಅದರ ತರಿಯೆಲ್ಲ ಬಿಟುಮೆನ್ ಎಂಬ, ಕಲ್ಲುಗಳನ್ನು ಹಿಡಿದಿಡುವ ಕಪ್ಪು ಅಂಟಿನ ಪೊರೆಯಡಿ ಮುಚ್ಚಿಹೋಗಿರುತ್ತದೆ. ಒಣ ದಿನದಲ್ಲೂ ಜೋರಾಗಿ ಬ್ರೇಕ್ ಒತ್ತಿ ಚಕ್ರ ಕಚ್ಚಿಕೊಂಡರೆ, ಉಜ್ಜುವ ಬಿಸಿಗೆ ಪೊರೆ ಮೆದುವಾಗಿ ಟೈರು ಅದರ ಮೇಲೆಯೇ ಜಾರುತ್ತದೆ. ಹಾಸು ಬಿಸಿಯಿರುವಾಗಲೇ ಸಣ್ಣ ಕಲ್ಲುಪುಡಿ ಎರಚಿ ರೋಲರ್ ಓಡಿಸುವುದು ಇದಕ್ಕಾಗಿ.

ಹಾಗಾದರೆ ಬೆರಕೆಗಳ ಕೆಲಸವೇನು? ಸೆಲ್ಯುಲೋಸ್ ನಾರು ಬಿಸಿ ಬಿಟುಮೆನ್ ತಳಕ್ಕೆ ಸೋರದಂತೆ ಹಿಡಿಯುತ್ತದೆ, ಪಾಲಿಮರ್ ಅದಕ್ಕೆ ಎಳೆದರೆ ಹಿಗ್ಗುವ ಗುಣ ಕೊಡುತ್ತದೆ, ಅರಳಿದ ಸುಣ್ಣ ನೀರಿದ್ದರೂ ಕಲ್ಲಿಗೆ ಅಂಟು ಬಿಡದಂತೆ ನೋಡಿಕೊಳ್ಳುತ್ತದೆ. ಇವೆಲ್ಲವೂ ಕಲ್ಲು ಕಿತ್ತುಬರದಂತೆ ಕಾಯುತ್ತವೆ. ಒಂದೂ ತರಿಯನ್ನು ಹುಟ್ಟಿಸುವುದಿಲ್ಲ. ನಾರಿನಿಂದ ಪೊರೆ ದಪ್ಪವಾಗಿ, ಆರಂಭದ ಜಾರುತಡೆ ಇನ್ನಷ್ಟು ತಗ್ಗಲೂಬಹುದು. ಲಾಭವಿರುವುದು ಬಾಳಿಕೆಯಲ್ಲಿ.

ತರಿ ಬರಬೇಕಾದದ್ದು ಕಲ್ಲಿನಿಂದಲೇ. ಆದ್ದರಿಂದಲೇ ಬ್ರಿಟನ್ನಿನಲ್ಲಿ ರೂಪುಗೊಂಡ ಪರೀಕ್ಷೆಯಲ್ಲಿ ಜಲ್ಲಿಯನ್ನು ರಬ್ಬರ್ ಚಕ್ರದಡಿ ಎಮರಿ ಎಂಬ ಗಟ್ಟಿ ಕಲ್ಲಿನ ಪುಡಿ ಹಾಕಿ ಒಟ್ಟು 6 ಗಂಟೆ ಉಜ್ಜಿಸಿ, ಒದ್ದೆ ಮಾಡಿ, ಬಳಿಕವೇ, ತೂಗಾಡುವ ತೋಳಿನ ತುದಿಯ ರಬ್ಬರನ್ನು ಅದರ ಮೇಲೆ ಸವರಿಸುವ ಲೋಲಕ ಯಂತ್ರದಿಂದ ಅದರ ಹಿಡಿತವನ್ನು ಅಳೆಯುತ್ತಾರೆ.