ಮೊದಲ ಸ್ಕ್ಯಾನ್ ಎಲ್ಲಿಟ್ಟಿದ್ದೀರಿ?

ಮನೆ ಬದಲಿಸುವಾಗ ಎಲ್ಲರೂ ಮೊದಲು ಕೈ ಹಾಕುವುದು ಹಳೇ ಕಾಗದಗಳಿಗೆ. ಕರೆಂಟ್ ಬಿಲ್, ಗ್ಯಾಸ್ ರಸೀದಿ, ಹೋದ ವರ್ಷದ ಕ್ಯಾಲೆಂಡರ್, ಜೊತೆಗೆ ಬಸುರಿ ಹೆಂಡತಿಯ ಮೊದಲ ಸ್ಕ್ಯಾನ್ ರಿಪೋರ್ಟ್. "ಹೊಸದು ಇದೆಯಲ್ಲ, ಇದ್ಯಾಕೆ?" ಅಂತ ಅದೂ ರದ್ದಿಗೆ ಹೋಗುತ್ತದೆ. ನಾನು ಇವತ್ತು ಬರೆಯುತ್ತಿರುವುದು ಆ ಒಂದು ಕಾಗದಕ್ಕಾಗಿ.

ನಾನು ಹಾಸನದಲ್ಲಿ ಹೆರಿಗೆ ಡಾಕ್ಟರ್. ನನ್ನ ಹತ್ತಿರ ಬರುವ ಚೊಚ್ಚಲ ಬಸುರಿಯರಲ್ಲಿ ತುಂಬಾ ಜನ ಬೆಂಗಳೂರಿನಲ್ಲಿ ಸಂಸಾರ ಮಾಡುವವರು. ಮಗು ಬರುತ್ತೆ ಅಂತ ಗೊತ್ತಾದ ಮೇಲೆ ಇದ್ದ ಬಾಡಿಗೆ ಮನೆ ಚಿಕ್ಕದು ಅನಿಸುತ್ತದೆ. ಐದಾರನೇ ತಿಂಗಳಲ್ಲಿ ಇನ್ನೊಂದು ಮನೆ ಹಿಡಿಯುತ್ತಾರೆ. ಹಾಲುಕ್ಕಿಸಿ ಸಾಮಾನು ಜೋಡಿಸುವಷ್ಟರಲ್ಲಿ ಸೀಮಂತ. ಸೀಮಂತ ಮುಗಿದರೆ ತವರು. ಮೂರು ತಿಂಗಳಲ್ಲಿ ಆ ಸ್ಕ್ಯಾನ್ ಇಟ್ಟ ಫೈಲ್ ಎರಡು ಸಲ ಮನೆ ಬದಲಿಸಿರುತ್ತದೆ. ಕೊನೆಗೆ ನನ್ನ ಟೇಬಲ್ ಮೇಲೆ ಬರುವುದು ಕಳೆದ ವಾರದ ಒಂದೇ ಒಂದು ಸ್ಕ್ಯಾನ್.

ಬಸುರಿ ಇರುವಾಗ ಮನೆ ಬದಲಿಸಬಹುದಾ ಅಂತ ಕೇಳುವವರಿಗೆ ಹೆಚ್ಚು ಹೇಳುವುದಿಲ್ಲ. ಭಾರ ಎತ್ತಬೇಡಿ, ಸ್ಟೂಲ್ ಹತ್ತಬೇಡಿ, ಪೇಂಟ್ ವಾಸನೆ ಪೂರ್ತಿ ಹೋದ ಮೇಲೆ ಒಳಗೆ ಹೋಗಿ. ರಕ್ತ ಹೋಗುವುದೋ ಬೇರೆ ತೊಂದರೆಯೋ ಇದ್ದವರು ತಮ್ಮ ಡಾಕ್ಟರನ್ನು ಕೇಳಿಯೇ ಹೆಜ್ಜೆ ಇಡಲಿ. ಗೃಹಪ್ರವೇಶದ ಶಾಸ್ತ್ರ ಮನೆಯ ಹಿರಿಯರಿಗೆ ಬಿಟ್ಟದ್ದು.

ಈಗ ಆ ಕಾಗದದ ಮಾತು.

"ಲೇಟೆಸ್ಟ್ ಸ್ಕ್ಯಾನ್ ತಂದಿದ್ದೀವಿ ಮೇಡಂ, ಅದ್ರಲ್ಲಿ ಎಲ್ಲಾ ಇದೆ." ಇಲ್ಲ, ಎಲ್ಲಾ ಇಲ್ಲ. ಮಗುವಿಗೆ ಈಗ ಎಷ್ಟು ವಾರ ಅನ್ನುವುದನ್ನು ಕೊನೆಯ ಸ್ಕ್ಯಾನ್ ಸರಿಯಾಗಿ ಹೇಳಲಾರದು. ಅದನ್ನು ಹೇಳುವುದು ಮೊದಲನೆಯದು. ಇದನ್ನು ಎಷ್ಟು ಸಲ ಹೇಳಿದರೂ ಜನರ ಮನಸ್ಸಿಗೆ ಹೋಗುತ್ತಿಲ್ಲ. ಅದಕ್ಕೇ ನಮ್ಮ ಕಡೆಯ ರಾಗಿ ಹೊಲ ನೆನಪಿಸುತ್ತೇನೆ. ಬಿತ್ತಿದ ಹತ್ತು ದಿನಕ್ಕೆ ಹೋಗಿ ನೋಡಿ, ಎಲ್ಲರ ಹೊಲದಲ್ಲೂ ಮೊಳಕೆ ಹೆಚ್ಚುಕಮ್ಮಿ ಒಂದೇ ಎತ್ತರ. ಯಾವಾಗ ಬಿತ್ತಿದ್ದು ಅಂತ ನೋಡಿದ ಕೂಡಲೇ ಹೇಳಬಹುದು. ಎರಡು ತಿಂಗಳು ಬಿಟ್ಟು ನೋಡಿ. ಗೊಬ್ಬರ ಬಿದ್ದ ಕಡೆ ಮೊಣಕಾಲುದ್ದ, ಕಲ್ಲು ನೆಲದಲ್ಲಿ ಗೇಣುದ್ದ. ಗೇಣುದ್ದದ ಪೈರು ಕಂಡರೆ ಅದು ತಡವಾಗಿ ಬಿತ್ತಿದ್ದೋ, ಸಮಯಕ್ಕೆ ಬಿತ್ತಿಯೂ ಸೊರಗಿದ್ದೋ? ಪೈರು ಮಾತ್ರ ನೋಡಿ ಹೇಳಲಾಗದು. ಬಿತ್ತಿದ ದಿನ ಗೊತ್ತಿರಬೇಕು.

ಹೊಟ್ಟೆಯೊಳಗೂ ಹೀಗೇ. ಮೊದಲ ಮೂರು ತಿಂಗಳು ಎಲ್ಲ ಮಕ್ಕಳೂ ಹೆಚ್ಚುಕಮ್ಮಿ ಒಂದೇ ಲೆಕ್ಕದಲ್ಲಿ ಬೆಳೆಯುತ್ತವೆ. ಆಗ ತಲೆಯಿಂದ ಪೃಷ್ಠದವರೆಗೆ ಉದ್ದ ಅಳೆದರೆ ವಯಸ್ಸು ಐದರಿಂದ ಏಳು ದಿನದ ಒಳಗೆ ಸಿಗುತ್ತದೆ. ಏಳು ತಿಂಗಳು ದಾಟಿದ ಮೇಲೆ ಅಳೆದರೆ ಅದೇ ಲೆಕ್ಕ ಮೂರು ವಾರದವರೆಗೂ ಆಚೀಚೆ ಆಗಬಹುದು. ಕೊನೆಯ ಮುಟ್ಟಿನ ಮೊದಲ ದಿನ ಸರಿಯಾಗಿ ನೆನಪಿದ್ದು, ತಿಂಗಳು ತಿಂಗಳು ಸರಿಯಾಗಿ ಆಗುತ್ತಿದ್ದರೆ ಸ್ವಲ್ಪ ಆಸರೆ. ಹೆರಿಗೆಗೆ 280 ದಿನ ಅನ್ನುವ ಲೆಕ್ಕ ನಿಂತಿರುವುದು ಆ ದಿನದ ಮೇಲೆ. ಆದರೆ ನಲವತ್ತು ದಿನಕ್ಕೊಮ್ಮೆ ಮುಟ್ಟಾಗುವ ಹುಡುಗಿಯರು ಎಷ್ಟೋ ಜನ. ಅವರಿಗೆ ಆ ಲೆಕ್ಕವೂ ತಪ್ಪುತ್ತದೆ.

ಮೂರು ವಾರ ಆಚೀಚೆ ಆದರೆ ಏನೀಗ ಅಂತೀರಾ? 34 ವಾರಕ್ಕಿಂತ ಮುಂಚೆ ಹೆರಿಗೆ ಆಗುವ ಹಾಗಿದ್ದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಇಂಜೆಕ್ಷನ್ ಕೊಡುತ್ತೇವೆ. ಎಳೆ ಮಕ್ಕಳ ಐಸಿಯು ಇರುವ ಕಡೆ ಕಳಿಸುತ್ತೇವೆ. ಆದಷ್ಟು ದಿನ ತಳ್ಳಲು ನೋಡುತ್ತೇವೆ. 37 ದಾಟಿದ್ದರೆ ತಿಂಗಳು ತುಂಬಿದ ಲೆಕ್ಕ, ಆಗ ಯೋಚನೆಯೇ ಬೇರೆ.

ಕೆಲವು ವರ್ಷದ ಹಿಂದಿನ ಒಂದು ರಾತ್ರಿ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಹುಡುಗಿ ತವರಿಗೆ ಬಂದು ನಾಲ್ಕು ದಿನ ಆಗಿತ್ತು. ಬೆಳಗ್ಗೆಯಿಂದ ಮಗು ಸರಿಯಾಗಿ ಆಡುತ್ತಿಲ್ಲ ಅಂತ ರಾತ್ರಿ ಕರೆತಂದರು. ಕೈಯಲ್ಲಿ ಹಿಂದಿನ ವಾರದ ಸ್ಕ್ಯಾನ್. ಅಳತೆ ಪ್ರಕಾರ 32 ವಾರ, ಅಂದರೆ ಅವತ್ತಿಗೆ 33. ಮುಟ್ಟಿನ ದಿನ ನೆನಪಿಲ್ಲ. ಹೊಟ್ಟೆ ಮುಟ್ಟಿ ನೋಡಿದಾಗ ನನಗೆ ಸಮಾಧಾನ ಆಗಲಿಲ್ಲ. ನಿಜವಾಗಿ 33 ವಾರವಾ, ಅಥವಾ ತಿಂಗಳು ತುಂಬಿಯೂ ಸೊರಗಿದ ಮಗುವಾ?

ಗಂಡ ಬೆಂಗಳೂರಿನಿಂದ ಹೊರಟು ಬಂದಿದ್ದ. ಹೊಸ ಮನೆಯಲ್ಲಿ ಇನ್ನೂ ಹನ್ನೊಂದು ಬಾಕ್ಸ್ ಬಿಚ್ಚಿಲ್ಲ ಅಂದ. ಗೆಳೆಯನಿಗೆ ಫೋನ್ ಮಾಡಿ ಒಂದೊಂದೇ ಬಿಚ್ಚಿಸಿದ. ಪಾತ್ರೆ ಸಿಕ್ಕಿತು, ಬೆಡ್‌ಶೀಟ್ ಸಿಕ್ಕಿತು, ಫೈಲ್ ಸಿಗಲಿಲ್ಲ. ಕಾರಿಡಾರಿನಲ್ಲಿ ತಲೆ ಹಿಡಿದು ಕೂತಿದ್ದ. ಆಗ ಶಿವಮೊಗ್ಗದಿಂದ ಅವನ ಅಕ್ಕನ ಫೋನ್ ಬಂತು. "ಮೊದಲ ಸಲ ಪಾಪು ಕಂಡಿತು ಅಂತ ಅವತ್ತು ಫೋಟೋ ಕಳ್ಸಿದ್ಯಲ್ಲೋ, ನನ್ನ ಹತ್ರ ಇದೆ." ಬಂದ ಫೋಟೋ ದೊಡ್ಡದು ಮಾಡಿ ನೋಡಿದೆ. ತಾರೀಖು ಇತ್ತು. ಎರಡು ಸೆಂಟಿಮೀಟರ್ ಉದ್ದ, 8 ವಾರ 4 ದಿನ. ಎಣಿಸಿದೆ. ಅವತ್ತಿಗೆ 37 ವಾರ 2 ದಿನ.

ಹಾಗಾದರೆ ಮಗುವಿಗೆ ಒಳಗೆ ಪೋಷಣೆ ಸಾಲುತ್ತಿಲ್ಲ. ಎದೆಬಡಿತದ ಗ್ರಾಫ್, ಹೊಕ್ಕುಳಬಳ್ಳಿಯ ರಕ್ತದ ಹರಿವು ಕೂಡ ಅದನ್ನೇ ಹೇಳಿದವು. ಒಂದೇ ಅಳತೆ ನಂಬಿ ನಾವು ಯಾವತ್ತೂ ತೀರ್ಮಾನಿಸುವುದಿಲ್ಲ. ಆದರೆ 33 ಅಂತಲೇ ಇದ್ದಿದ್ದರೆ ಬಹುಶಃ ಇನ್ನೂ ಒಂದೆರಡು ದಿನ ಕಾಯಲು ನೋಡುತ್ತಿದ್ದೆ. ಆ ರಾತ್ರಿಯೇ ಸಿಸೇರಿಯನ್ ಮಾಡಿದೆವು. ಹೆಣ್ಣು ಮಗು, 1.9 ಕೆಜಿ. ಹೊರಗೆ ಬಂದ ಕೂಡಲೇ ಅತ್ತಿತು. ಆ ಅಳು ಕೇಳಿ ನನಗೂ ಕಣ್ಣು ತುಂಬಿತು.

ಬಾಕ್ಸ್ ಕಟ್ಟುವ ದಿನ ಆ ಫೈಲ್ ಲಾರಿಗೆ ಹೋಗಬಾರದು. ಬಸುರಿಯ ಕೈಚೀಲದಲ್ಲಿ, ತಾಯಿ ಕಾರ್ಡ್ ಜೊತೆಗೇ ಇರಲಿ. ರಕ್ತದ ಗುಂಪನ್ನು ನಾವು ಕೆಲವೇ ನಿಮಿಷದಲ್ಲಿ ಮತ್ತೆ ನೋಡಬಹುದು, ಹಿಮೋಗ್ಲೋಬಿನ್ ನೋಡಬಹುದು. ಎರಡನೇ ತಿಂಗಳ ಮಗುವನ್ನು ಒಂಬತ್ತನೇ ತಿಂಗಳಲ್ಲಿ ಮತ್ತೆ ಅಳೆಯಲಾಗುವುದಿಲ್ಲ. ಸ್ಕ್ಯಾನ್ ಚಿತ್ರ ಬರುವ ನುಣುಪಾದ ಕಾಗದಕ್ಕೆ ಬಿಸಿ ಆಗದು, ದಿನ ಕಳೆದರೆ ಮಾಸುತ್ತದೆ. ಪ್ರೀತಿಯಿಂದ ಲ್ಯಾಮಿನೇಷನ್ ಮಾಡಿಸಿ ಪೂರ್ತಿ ಕಪ್ಪಾದದ್ದನ್ನು ನಾನೇ ನೋಡಿದ್ದೇನೆ. ಚಿತ್ರ, ಬರೆದ ರಿಪೋರ್ಟ್ ಎರಡರ ಫೋಟೋವನ್ನೂ ತೆಗೆದು ಗಂಡ, ಅಮ್ಮ, ಅತ್ತೆ ಮೂವರ ಮೊಬೈಲಿಗೂ ಕಳಿಸಿ. ತವರಿಗೆ ಹೋದ ವಾರದಲ್ಲೇ ಅಲ್ಲಿಯ ಡಾಕ್ಟರಿಗೆ ಒಮ್ಮೆ ತೋರಿಸಿ. ನೋವು ಶುರುವಾಗಲಿ ಅಂತ ಕಾಯಬೇಡಿ.

ಒಂದು ಎಚ್ಚರಿಕೆ. ರಕ್ತ ಹೋದರೆ, ನೀರು ಒಡೆದರೆ, ಮಗುವಿನ ಆಟ ಕಮ್ಮಿ ಆದರೆ ಫೈಲ್ ಹುಡುಕುತ್ತಾ ಕೂರಬೇಡಿ. ಇದ್ದ ಹಾಗೇ ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಫೈಲನ್ನು ಮನೆಯಲ್ಲಿ ಉಳಿದವರು ಹುಡುಕಲಿ.

ಈಗಾಗಲೇ ಕಳೆದುಹೋಗಿದ್ದರೆ ಬೇಜಾರು ಬೇಡ. ಮೊದಲ ಸ್ಕ್ಯಾನ್ ಮಾಡಿದ ಸೆಂಟರಿನ ಕಂಪ್ಯೂಟರಿನಲ್ಲಿ ಇನ್ನೂ ಇರಬಹುದು. ಹೆಸರು, ತಾರೀಖು ಹೇಳಿ ಕೇಳಿದರೆ ಎಷ್ಟೋ ಕಡೆ ಇನ್ನೊಂದು ಪ್ರಿಂಟ್ ತೆಗೆದುಕೊಡುತ್ತಾರೆ. ಆದರೆ ರಾತ್ರಿ ಎರಡು ಗಂಟೆಗೆ ಆ ಸೆಂಟರಿನ ಬಾಗಿಲು ಹಾಕಿರುತ್ತದೆ. ಇವತ್ತೇ ಫೋನ್ ಮಾಡಿ.