ನೇವರಿಸುವ ಕೈಗೂ ಒಂದು ವೇಗವಿದೆ

"ಸದಾ ಎತ್ತಿಕೊಂಡೇ ಇರಬೇಡ, ಕೈ ಅಭ್ಯಾಸ ಆಗಿಬಿಡುತ್ತೆ. ಸ್ವಲ್ಪ ಅಳಲಿ ಬಿಡು." ಎಳೆ ಮಗು ಇರುವ ಮನೆಗೆ ಹೋದರೆ ಈ ಮಾತು ಯಾರಾದರೊಬ್ಬರ ಬಾಯಿಂದ ಬಂದೇ ಬರುತ್ತದೆ. ಹೇಳುವವರಿಗೆ ಮಗುವಿನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಆದರೂ ಇದನ್ನು ಕೇಳಿದಾಗಲೆಲ್ಲ ನನಗೆ ಸುಮ್ಮನಿರಲು ಆಗುವುದಿಲ್ಲ. ತಲೆ ನೇವರಿಸುವುದು, ಬೆನ್ನು ಸವರುವುದು, ಮಡಿಲಲ್ಲಿ ಮಲಗಿಸಿಕೊಳ್ಳುವುದು, ಇವನ್ನೆಲ್ಲ ನಾವು ಮುದ್ದಿನ ಲೆಕ್ಕಕ್ಕೆ ಬರೆದು ಮರೆತುಬಿಡುತ್ತೇವೆ. ಇಂಥ ಸ್ಪರ್ಶವನ್ನು ಹಿಡಿಯಲೆಂದೇ ನಮ್ಮ ಚರ್ಮದಲ್ಲಿ ಬೇರೆ ಒಂದು ನರಜಾಲ ಇದೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಸೊಳ್ಳೆ ಕೂತಿದ್ದು, ಬಟ್ಟೆ ಒರಟಾಗಿರುವುದು, ಜೇಬಿನಲ್ಲಿರುವುದು ಐದು ರೂಪಾಯಿಯೋ ಎರಡು ರೂಪಾಯಿಯೋ ಎಂಬುದು, ಇದೆಲ್ಲ ನಮಗೆ ತಟ್ಟನೆ ತಿಳಿಯುತ್ತದೆ. ಈ ಸುದ್ದಿ ಒಯ್ಯುವ ನರದ ಎಳೆಗಳು ದಪ್ಪ. ಅವುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಹಾಗಾಗಿ ಸಂಕೇತ ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಓಡುತ್ತದೆ. ಇವುಗಳ ಜೊತೆಯಲ್ಲೇ ಇನ್ನೊಂದು ಬಗೆಯ ಎಳೆಗಳಿವೆ. ಅವು ತೀರಾ ತೆಳು, ಹೊದಿಕೆ ಇಲ್ಲ, ವೇಗ ಸೆಕೆಂಡಿಗೆ ಸುಮಾರು 1 ಮೀಟರ್ ಅಷ್ಟೇ. ವಿಜ್ಞಾನಿಗಳು ಇವನ್ನು ಸಿ-ಟ್ಯಾಕ್ಟೈಲ್ ನರತಂತು ಎನ್ನುತ್ತಾರೆ. ಕಾಲಿನ ಮೀನಖಂಡದ ಮೇಲೆ ಯಾರಾದರೂ ಮೆಲ್ಲಗೆ ಕೈಯಾಡಿಸಿದರೆ, ಮುಟ್ಟಿದ್ದು ಗೊತ್ತಾದ ಮೇಲೆ ಒಂದು ಸೆಕೆಂಡಿಗೂ ಹೆಚ್ಚು ತಡವಾಗಿ ಈ ಎಳೆಗಳ ಸುದ್ದಿ ಮಿದುಳು ತಲುಪುತ್ತದೆ. ಏನು ಮುಟ್ಟಿತು, ಎಲ್ಲಿ ಮುಟ್ಟಿತು ಎಂದು ಹೇಳುವುದಕ್ಕೆ ಇಷ್ಟು ನಿಧಾನದ ನರದಿಂದ ಏನೂ ಪ್ರಯೋಜನವಿಲ್ಲ. ಹಾಗಾದರೆ ಅದು ಯಾಕಿದೆ?

ಸ್ವೀಡನ್ನಿನ ವಿಜ್ಞಾನಿ ಇಂಗ್ವೆ ಜೊಟ್ಟರ್‌ಮನ್ 1939ರಲ್ಲಿ ಬೆಕ್ಕುಗಳಲ್ಲಿ ಇಂಥ ಎಳೆಗಳನ್ನು ಗುರುತಿಸಿದ್ದ. ಮನುಷ್ಯರಲ್ಲಿ ಇವು ಇರಲಾರವು ಎಂದೇ ಬಹಳ ಕಾಲ ನಂಬಿದ್ದರು. ಕೂದಲಿನಷ್ಟು ಸಣ್ಣ ಸೂಜಿಯನ್ನು ಎಚ್ಚರವಿರುವ ಮನುಷ್ಯನ ನರಕ್ಕೇ ಚುಚ್ಚಿ, ಒಂದೊಂದೇ ಎಳೆಯ ಮಿಡಿತ ಕೇಳುವ ವಿಧಾನ ಬಂದ ಮೇಲೆ, 1980ರ ದಶಕದ ಕೊನೆಯಲ್ಲಿ ಅವು ನಮ್ಮಲ್ಲೂ ಇವೆ ಎಂದು ಗೊತ್ತಾಯಿತು. ಆದರೆ ಕೆಲಸ ಏನು ಎಂಬ ಪ್ರಶ್ನೆ ಹಾಗೇ ಉಳಿಯಿತು. ಅದಕ್ಕೆ ಉತ್ತರ ಸಿಕ್ಕಿದ್ದು ಒಬ್ಬ ಮಹಿಳೆಯಿಂದ. ಕಾಯಿಲೆಯೊಂದರಲ್ಲಿ ಆಕೆಯ ದಪ್ಪ, ವೇಗದ ಸ್ಪರ್ಶನರಗಳೆಲ್ಲ ಹಾಳಾಗಿದ್ದವು. ಮೂಗಿನಿಂದ ಕೆಳಗೆ ಏನು ಮುಟ್ಟಿದರೂ ತಿಳಿಯುತ್ತಿರಲಿಲ್ಲ. ತೆಳು ಎಳೆಗಳು ಮಾತ್ರ ಉಳಿದಿದ್ದವು. ಸ್ವೀಡನ್ನಿನ ನರವಿಜ್ಞಾನಿ ಹೋಕನ್ ಉಲಾಸನ್ ಮತ್ತು ಸಂಗಡಿಗರು ಆಕೆಯ ಮುಂಗೈ ಮೇಲೆ ಮೆತ್ತನೆಯ ಬ್ರಶ್ ಆಡಿಸಿದರು. ಏನದು, ಯಾವ ಕಡೆಗೆ ಹೋಯಿತು ಎಂದು ಆಕೆಗೆ ಹೇಳಲಾಗಲಿಲ್ಲ. ಆದರೆ ಏನೋ ಹಿತವಾಗುತ್ತಿದೆ ಎಂದಳು. ಸ್ಕ್ಯಾನ್ ಮಾಡಿ ನೋಡಿದರೆ, ಸ್ಪರ್ಶವನ್ನು ಅಳೆದು ತೂಗುವ ಮಿದುಳಿನ ಭಾಗದಲ್ಲಿ ಸದ್ದೇ ಇಲ್ಲ. ಒಡಲಿನ ಭಾವ, ಮನಸ್ಸಿನ ಭಾವ ಎರಡೂ ಸೇರುವ ಇನ್ಸುಲಾ ಎಂಬ ಭಾಗ ಮಾತ್ರ ಎಚ್ಚೆತ್ತಿತ್ತು. 2002ರಲ್ಲಿ ಇದು ಪ್ರಕಟವಾಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇನ್ನು ಬರುತ್ತದೆ. ಈ ಎಳೆಗಳು ಎಲ್ಲ ಸ್ಪರ್ಶಕ್ಕೂ ಮಿಡಿಯುವುದಿಲ್ಲ. ಹಳೇ ರೇಡಿಯೋದಲ್ಲಿ ಮುಳ್ಳು ಸರಿಯಾದ ಜಾಗಕ್ಕೆ ಬಂದಾಗ ಮಾತ್ರ ಸ್ಟೇಷನ್ ಸಿಗುತ್ತಿತ್ತಲ್ಲ, ಹಾಗೆ. 2009ರ ಅಧ್ಯಯನವೊಂದರಲ್ಲಿ ಯಂತ್ರದ ಕೈಗೆ ಬ್ರಶ್ ಕಟ್ಟಿ ಬೇರೆ ಬೇರೆ ವೇಗದಲ್ಲಿ ಚರ್ಮದ ಮೇಲೆ ಆಡಿಸಿದರು. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಎಳೆಗಳು ಜೋರಾಗಿ ಮಿಡಿದವು. 3 ಸೆಂಟಿಮೀಟರ್ ಆಸುಪಾಸಿನಲ್ಲಂತೂ ಅತಿ ಹೆಚ್ಚು. ತೀರಾ ನಿಧಾನವಾದರೂ ತೀರಾ ಬಿರುಸಾದರೂ ಮಿಡಿತ ಇಳಿಯಿತು. ಜನ "ಹಿತವಾಗಿದೆ" ಎಂದು ಕೊಟ್ಟ ಅಂಕಗಳೂ ಅದೇ ರೀತಿ ಏರಿ ಇಳಿದಿದ್ದವು. ಇನ್ನೊಂದು ಅಧ್ಯಯನದಲ್ಲಿ, ಮುಟ್ಟುವ ವಸ್ತು ಚರ್ಮದಷ್ಟೇ ಬೆಚ್ಚಗೆ, ಸುಮಾರು 32 ಡಿಗ್ರಿ ಸೆಲ್ಸಿಯಸ್ ಇದ್ದಾಗ ಮಿಡಿತ ಚೆನ್ನಾಗಿತ್ತು. ತಣ್ಣಗಿದ್ದರೆ ಇಲ್ಲ, ಬಿಸಿ ಇದ್ದರೂ ಇಲ್ಲ.

ನೀವೇ ಮಾಡಿ ನೋಡಿ. ಮಣಿಕಟ್ಟಿನಿಂದ ಮೊಣಕೈವರೆಗೆ ಬೆರಳು ಸವರಲು ಸುಮಾರು ಎಂಟು ಸೆಕೆಂಡು ತೆಗೆದುಕೊಳ್ಳಿ. ಅದೇ ಆ ವೇಗ. ಅಜ್ಜಿ ಮಾತಾಡುತ್ತಾ ಮಾತಾಡುತ್ತಾ ಮೊಮ್ಮಗಳ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಆಮೇಲೆ ಎಣ್ಣೆ ಮುಗಿದಿದ್ದರೂ ಕೈ ತೆಗೆಯದೆ ನೆತ್ತಿಯಿಂದ ಕತ್ತಿನವರೆಗೆ ಸವರುತ್ತಾ ಕೂರುತ್ತಾಳಲ್ಲ, ಆ ಕೈಯ ನಡೆಯನ್ನೊಮ್ಮೆ ಗಮನಿಸಿ. ತಂದೆತಾಯಿಗೆ ಮಗುವನ್ನೂ ಪ್ರಿಯರಿಗೆ ಪ್ರಿಯರನ್ನೂ ಸುಮ್ನೆ ನೇವರಿಸಿ ಎಂದು ಹೇಳಿ, ವೇಗ ಅಳೆದು ನೋಡಿದ್ದಾರೆ. ಯಾರೂ ಹೇಳಿಕೊಡದೆಯೇ ಅವರ ಕೈ ಇದೇ ವೇಗಕ್ಕೆ ಬಂದಿತ್ತು. ಅದೇ ಜನಕ್ಕೆ ಒಂದು ಕೃತಕ ಕೈಯನ್ನು ಕೊಟ್ಟು ನೇವರಿಸಲು ಹೇಳಿದಾಗ ಹಾಗಾಗಲಿಲ್ಲ. ಇನ್ನೂ ಒಂದು ವಿಚಾರ: ಈ ಎಳೆಗಳು ರೋಮವಿರುವ ಚರ್ಮದಲ್ಲೇ ಜಾಸ್ತಿ. ಬೆನ್ನು, ಮುಂಗೈ, ಕೆನ್ನೆ, ನೆತ್ತಿ. ಅಂಗೈಯಲ್ಲಿ ತೀರಾ ಅಪರೂಪ. ಹಾಗಾಗಿ ಹಿತ ಸಿಗುವುದು ಮುಖ್ಯವಾಗಿ ನೇವರಿಸಿಕೊಂಡವರ ಚರ್ಮಕ್ಕೆ.

ಇಷ್ಟೆಲ್ಲ ಗೊತ್ತಾಗುವ ಮೊದಲು ವಿಜ್ಞಾನದ ಹೆಸರಲ್ಲೇ ಮಕ್ಕಳಿಗೆ ದೊಡ್ಡ ಅನ್ಯಾಯ ಆಗಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ 1928ರಲ್ಲಿ ತಾಯಂದಿರಿಗೆ ಬರೆದ ಪುಸ್ತಕದಲ್ಲಿ, ಮಕ್ಕಳನ್ನು ಅಪ್ಪಿಕೊಳ್ಳಬೇಡಿ, ಮಡಿಲಲ್ಲಿ ಕೂರಿಸಿಕೊಳ್ಳಬೇಡಿ, ಬೆಳಗ್ಗೆ ಕೈಕುಲುಕಿದರೆ ಸಾಕು ಎಂದಿದ್ದ. ಓದಿದವರು ನಂಬಿದರು. 30 ವರ್ಷದ ನಂತರ, 1958ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ನಿನ ಮನಶ್ಶಾಸ್ತ್ರಜ್ಞ ಹ್ಯಾರಿ ಹಾರ್ಲೋ ತಾಯಿಯಿಂದ ಬೇರ್ಪಡಿಸಿದ ಕೋತಿಮರಿಗಳ ಪ್ರಯೋಗ ಪ್ರಕಟಿಸಿದ. ಒಂದು ಕಡೆ ಹಾಲಿನ ಬಾಟಲಿ ಇರುವ ತಂತಿಯ ಗೊಂಬೆ, ಇನ್ನೊಂದು ಕಡೆ ಹಾಲಿಲ್ಲದ, ಮೆತ್ತನೆ ಬಟ್ಟೆ ಸುತ್ತಿದ ಗೊಂಬೆ. ಮರಿಗಳು ಹಸಿವಾದಾಗ ತಂತಿ ಗೊಂಬೆಯ ಹತ್ತಿರ ಹೋಗಿ ಹಾಲು ಕುಡಿದು, ಉಳಿದ ಹೊತ್ತೆಲ್ಲ ಬಟ್ಟೆ ಗೊಂಬೆಯನ್ನೇ ಅಪ್ಪಿಕೊಂಡಿದ್ದವು. ಬೆದರಿಸಿದಾಗಲೂ ಅಲ್ಲಿಗೇ ಓಡಿದವು. ಆ ಮರಿಗಳು ದೊಡ್ಡವಾದ ಮೇಲೆ ಸರಿಯಾಗಿ ಬಾಳಲಿಲ್ಲ. ಅಷ್ಟು ಕ್ರೂರ ಪ್ರಯೋಗ ಇವತ್ತು ಯಾರೂ ಮಾಡಬಾರದು. ಆದರೆ ಹಾಲು ಕೊಡುವವರನ್ನಷ್ಟೇ ಮಗು ಹಚ್ಚಿಕೊಳ್ಳುತ್ತದೆ ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು.

ಕೊಲಂಬಿಯಾದ ಬೊಗೋಟಾದಲ್ಲಿ ನಡೆದದ್ದು ಇದಕ್ಕಿಂತ ಸಂತೋಷದ ಕಥೆ. 1978ರಲ್ಲಿ ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲುತ್ತಿರಲಿಲ್ಲ. ಒಂದರಲ್ಲೇ ಎರಡು ಮೂರು ಕೂಸುಗಳು, ಸೋಂಕು, ಸಾವು. ಡಾ. ಎಡ್ಗರ್ ರೇ ಆ ಸಣ್ಣ ಕೂಸುಗಳನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಸಿದರು. ಇವತ್ತು ಕಾಂಗರೂ ಆರೈಕೆ ಎನ್ನುವುದು ಇದನ್ನೇ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಇಡೀ ಜಿಲ್ಲೆಗೆ ಹಬ್ಬಿಸುವ ಕೆಲಸ ನಡೆದಿದೆ. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ಹೊರಬಂತು. 1ರಿಂದ 1.8 ಕಿಲೋ ತೂಕದ ಕೂಸುಗಳಲ್ಲಿ, ಸ್ಥಿತಿ ಸುಧಾರಿಸಲಿ ಎಂದು ಕಾಯದೆ ಹುಟ್ಟಿದ ಕೂಡಲೇ ಈ ಆರೈಕೆ ಶುರು ಮಾಡಿದಾಗ ಮೊದಲ 28 ದಿನದ ಸಾವು ನೂರಕ್ಕೆ 15.7 ಇದ್ದದ್ದು 12ಕ್ಕೆ ಇಳಿಯಿತು. ಇದರಲ್ಲಿ ಮೈಬಿಸಿ, ಎದೆಹಾಲು, ಸೋಂಕು ಕಡಿಮೆಯಾಗುವುದು ಎಲ್ಲ ಸೇರಿದೆ. ನರತಂತು ಒಂದರ ಲೆಕ್ಕಕ್ಕೆ ಬರೆಯುವುದು ತಪ್ಪು. ತಾಯಿಗೆ ಸುಸ್ತಾದಾಗ ಅಪ್ಪ, ಅಜ್ಜಿ ಕೂಡ ಕೂಸನ್ನು ಎದೆಗೆ ಕಟ್ಟಿಕೊಳ್ಳಬಹುದು.

ದೊಡ್ಡವರ ಮೇಲೂ ಪ್ರಯೋಗಗಳಾಗಿವೆ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಕೋನ್ ಮತ್ತು ಸಂಗಡಿಗರು 16 ವಿವಾಹಿತ ಮಹಿಳೆಯರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ, ಈಗ ಕಾಲಿಗೆ ಸಣ್ಣ ಶಾಕ್ ಬರಬಹುದು ಎಂದು ಹೆದರಿಸಿದರು. ಗಂಡನ ಕೈ ಹಿಡಿದಿದ್ದಾಗ ಮಿದುಳಿನ ಗಾಬರಿ ಇಳಿದಿತ್ತು. ಅಪರಿಚಿತರ ಕೈ ಹಿಡಿದಾಗಲೂ ಇಳಿಯಿತು, ಆದರೆ ಅಷ್ಟಲ್ಲ. ಸಂಸಾರ ಚೆನ್ನಾಗಿದ್ದವರಿಗೆ ಇನ್ನೂ ಹೆಚ್ಚು ನಿರಾಳ. ಚಿಕ್ಕ ಅಧ್ಯಯನ, ನಿಜ. ಆದರೆ ಆಸ್ಪತ್ರೆಯ ಬೆಂಚಿನಲ್ಲಿ ರಿಪೋರ್ಟ್‌ಗೆ ಕಾಯುತ್ತಾ ಕೂತವರಿಗೆ ಪಕ್ಕದಲ್ಲಿ ಒಂದು ಕೈ ಸಿಕ್ಕರೆ ಏನಾಗುತ್ತದೆ ಎಂದು ಗೊತ್ತಿರುತ್ತದೆ ಅಲ್ವಾ?

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಸ್ಪರ್ಶಕ್ಕೆ ಶಕ್ತಿ ಇದೆ ಎಂದ ಕೂಡಲೇ, ಮುಟ್ಟದೆಯೇ ಕೈಯಿಂದ ಶಕ್ತಿ ಹರಿಸಿ ರೋಗ ವಾಸಿಮಾಡುತ್ತೇವೆ ಎನ್ನುವವರು ಹತ್ತಿರ ಬರುತ್ತಾರೆ. ಅಮೆರಿಕದಲ್ಲಿ ಎಮಿಲಿ ರೋಸಾ ಎಂಬ ಪುಟ್ಟ ಹುಡುಗಿ ಶಾಲೆಯ ವಿಜ್ಞಾನ ಮೇಳಕ್ಕೆಂದು ಇಂಥ 21 ಮಂದಿಯನ್ನು ಪರೀಕ್ಷಿಸಿದಳು. ಅವರು ಪರದೆಯ ಆಚೆಯಿಂದ ಎರಡೂ ಕೈ ಚಾಚಬೇಕು. ಇವಳು ನಾಣ್ಯ ಚಿಮ್ಮಿ, ಒಂದು ಕೈಯ ಮೇಲೆ ತಾಗದಂತೆ ತನ್ನ ಕೈ ಹಿಡಿಯುತ್ತಾಳೆ. ಯಾವ ಕೈ ಎಂದು ಅವರು ಹೇಳಬೇಕು. 280 ಸಲದಲ್ಲಿ ಸರಿಯಾಗಿದ್ದು 123. ಸುಮ್ನೆ ಊಹಿಸಿದ್ದರೂ ಅರ್ಧದಷ್ಟು ಸರಿಯಾಗುತ್ತಿತ್ತು. 1998ರಲ್ಲಿ ಅಮೆರಿಕದ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯೊಂದು ಇದನ್ನು ಪ್ರಕಟಿಸಿತು. ನಮ್ಮಲ್ಲಿ ದೃಷ್ಟಿ ತೆಗೆಯುವುದನ್ನೂ ಇದೇ ಕಣ್ಣಿನಿಂದ ನೋಡಬೇಕು. ಅಳುವ ಮಗುವನ್ನು ಅಜ್ಜಿ ಮಡಿಲಿಗೆ ಹಾಕಿಕೊಂಡು, ಉಪ್ಪು ಮೆಣಸಿನಕಾಯಿ ಇಳಿ ತೆಗೆದು, ಬೆನ್ನು ಸವರಿದರೆ ಮಗು ಸುಮ್ಮನಾಗಬಹುದು. ಸಮಾಧಾನ ಕೊಟ್ಟಿದ್ದು ಮಡಿಲು, ಕೈ, ಅಜ್ಜಿಯ ಮೆಲ್ಲನೆ ದನಿ. ಮೆಣಸಿನಕಾಯಿ ಘಾಟು ಬರಲಿಲ್ಲ, ದೃಷ್ಟಿಯೇ ಆಗಿದೆ ಎಂದು ಜ್ವರ ಬಂದ ಕೂಸನ್ನು ಮನೆಯಲ್ಲೇ ಇಟ್ಟುಕೊಂಡರೆ ಜೀವಕ್ಕೆ ಅಪಾಯ. ಹಾಗೆಯೇ ಎಣ್ಣೆ ನೀರು ಹಾಕುವಾಗ ಮೂಗಿಗೆ ಎಣ್ಣೆ ಬಿಡುವುದು, ಹಸುಗೂಸಿನ ಮೊಲೆ ಹಿಂಡುವುದು ಕೂಡದು. ಎಣ್ಣೆ ಶ್ವಾಸಕೋಶಕ್ಕೆ ಹೋಗುತ್ತದೆ, ಹಿಂಡಿದ ಜಾಗ ಕೀವು ಕಟ್ಟುತ್ತದೆ.

ಕೈ ಅಭ್ಯಾಸದ ಮಾತಿಗೆ ಬಂದರೆ, ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಕುಮಿ ಕುರೋಡಾ ಅವರ ತಂಡ ಅಳುವ ಕೂಸುಗಳ ಎದೆಬಡಿತ ಅಳೆದು ನೋಡಿದೆ. ಎತ್ತಿಕೊಂಡು ನಡೆದಾಡಿದರೆ ಬಡಿತ ಬೇಗ ಇಳಿಯುತ್ತದೆ. 2022ರಲ್ಲಿ ಅವರು ಕೊಟ್ಟ ಸಲಹೆ ಹೀಗಿದೆ: ಐದು ನಿಮಿಷ ಎತ್ತಿಕೊಂಡು ಓಡಾಡಿ. ನಿದ್ದೆ ಹತ್ತಿದ ಮೇಲೂ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂತಿರಿ. ಆಮೇಲೆ ಮಲಗಿಸಿ.

ಮನೆಯ ಹಿರಿಯರನ್ನು ಮಾತ್ರ ಯಾರೂ ಎತ್ತಿಕೊಳ್ಳುವುದಿಲ್ಲ. ಮಕ್ಕಳು ದೊಡ್ಡವರಾಗಿ ದೂರ ಹೋದ ಮೇಲೆ, ಹಬ್ಬಕ್ಕೆ ಬಂದವರು ಕಾಲು ಮುಟ್ಟಿ ನಮಸ್ಕಾರ ಮಾಡಿದರೆ ಅಷ್ಟೇ ಸ್ಪರ್ಶ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ವಯಸ್ಸಾದ ಹಾಗೆ ಬೆರಳ ತುದಿಯ ಸೂಕ್ಷ್ಮ ಕಡಿಮೆಯಾಗುತ್ತದೆ. ಆದರೆ 13ರಿಂದ 82 ವರ್ಷದವರನ್ನು ಪರೀಕ್ಷಿಸಿದ 2016ರ ಸ್ವೀಡನ್ ಅಧ್ಯಯನದಲ್ಲಿ, ಮೆಲ್ಲಗೆ ನೇವರಿಸಿದಾಗ ಸಿಗುವ ಹಿತ ವಯಸ್ಸಿನೊಂದಿಗೆ ಹೆಚ್ಚೇ ಆಗಿತ್ತು. ಹಾಗಾಗಿ ಅಮ್ಮನ ಮಂಡಿಗೆ ಮುಲಾಮು ಹಚ್ಚಿ ಎದ್ದುಬಿಡಬೇಡಿ. ಮುಂಗೈ ಮೇಲೆ, ಬೆನ್ನ ಮೇಲೆ ಇನ್ನೊಂದೆರಡು ನಿಮಿಷ ಕೈಯಾಡಿಸಿ. ಅವರಿಗೆ ಬೇಡ ಅನಿಸಿದರೆ ನಿಲ್ಲಿಸಿ, ಬೇಡದ ಸ್ಪರ್ಶ ಯಾವ ವೇಗದಲ್ಲೂ ಹಿತವಾಗುವುದಿಲ್ಲ. ಪಾತ್ರೆ ತೊಳೆದು ಬಂದ ಕೈ ತಣ್ಣಗಿದ್ದರೆ ಮೊದಲು ಚೆನ್ನಾಗಿ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ.